ಫೋರ್ಟ್ ರಾಸ್: ಕ್ಯಾಲಿಫೋರ್ನಿಯಾ ಕಡಲ ದಂಡೆಯ ರಷ್ಯನ್ ಕೋಟೆ

ಜೆನ್ನರ್ ಅನ್ನೋ ಪುಟ್ಟ ಊರು ದಾಟಿದ್ವಿ, ಇದು ಕಡಲ ಪಕ್ಕದ ರಸ್ತೆ ಹೈವೇ 1. ಸ್ಯಾನ್ ಫ್ರಾನ್ಸಿಸ್ಕೋದಿಂದ ಕೋಟೆಗೆ ಸುಮಾರು 145 ಕಿ.ಮೀ., ಆದ್ರೆ ಹೊತ್ತೆಲ್ಲ ತಿನ್ನೋದು ಈ ಕೊನೇ 19 ಕಿ.ಮೀ. ಹೋಗುವಾಗ ಬೆಟ್ಟದ ಕಡೆ ಲೇನು, ಪರವಾಗಿಲ್ಲ. ವಾಪಸ್ ಬರುವಾಗ ಸಮುದ್ರದ ಕಡೆ, ಎಷ್ಟೋ ಕಡೆ ತಡೆಗೋಡೆನೇ ಇಲ್ಲ. ಎತ್ತರ ಕಂಡ್ರೆ ಆಗದೋರು ಬರುವಾಗ ಸ್ಟಿಯರಿಂಗ್ ಮುಟ್ಟಬೇಡಿ. ಹಿಂದೆ ಐದು ಗಾಡಿ ಸಾಲುಗಟ್ಟಿದ್ರೆ ಪಕ್ಕಕ್ಕೆ ತಗೊಂಡು ದಾರಿ ಬಿಡಬೇಕು, ಅದು ಇಲ್ಲಿನ ಕಾನೂನು. ಹಿಂದಿನ ಸೀಟಲ್ಲಿ ಫೋನ್ ನೋಡ್ತಾ ಕೂತವರಿಗೆ ವಾಂತಿ ಗ್ಯಾರಂಟಿ. ಸ್ಯಾನ್ ಹೊಸೇ ಕಡೆಯಿಂದ ಬರೋ ನಮ್ಮವರು ಬೆಳಗ್ಗೆ ಹೊಟ್ಟೆ ಬಿರಿಯ ಇಡ್ಲಿ-ವಡೆ ತಿಂದು ಹೊರಡ್ತಾರೆ, ಬೇಡ. ಪೆಟ್ರೋಲು ಸ್ಯಾಂಟಾ ರೋಸಾದಲ್ಲೇ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ, ಇಲ್ಲಿ ಸಿಗ್ನಲ್ ನಂಬೋ ಹಾಗಿಲ್ಲ.

ಕೋಟೆ ಬಂತು. ತುಪ್ಪಳದ ವ್ಯಾಪಾರ ಮಾಡ್ತಿದ್ದ ರಷ್ಯನ್-ಅಮೆರಿಕನ್ ಕಂಪನಿಯ ಇವಾನ್ ಕುಸ್ಕೋವ್ 1812ರಲ್ಲಿ ಕಟ್ಟಿಸಿದ್ದು. ಜಾಗ ಇಲ್ಲಿನ ಮೂಲನಿವಾಸಿಗಳಾದ ಕಶಾಯ ಜನರದ್ದು, ತುಪ್ಪಳಕ್ಕಾಗಿ ಕಡಲ ನೀರುನಾಯಿ ಬೇಟೆಗೆ ಕಂಪನಿ ಕರೆತಂದವರು ಅಲಾಸ್ಕಾದ ಮೂಲನಿವಾಸಿಗಳು. ರಷ್ಯನ್ನರೇ ಕಮ್ಮಿ! ಬೇಲಿ, ಬುರುಜು ಎಲ್ಲ ರೆಡ್‌ವುಡ್ ಮರ, ಬಹುಪಾಲು ಮತ್ತೆ ಕಟ್ಟಿದ್ದು. ರಷ್ಯನ್ನರ ಕಾಲದಿಂದ ಹಾಗೇ ಉಳಿದಿರೋ ಕಟ್ಟಡ ಈ ರೋಚೆವ್ ಮನೆ ಒಂದೇ, ಕೋಟೆಯ ಕೊನೆಯ ಮ್ಯಾನೇಜರ್ ಇದ್ದದ್ದು ಇಲ್ಲೇ. ಚರ್ಚ್ 1906ರ ಭೂಕಂಪಕ್ಕೆ ಕುಸೀತು, ಮತ್ತೆ ಕಟ್ಟಿದ್ದು 1970ರಲ್ಲಿ ಸುಟ್ಟೇ ಹೋಯ್ತು, ಈಗಿರೋದು ಅದಾದ್ಮೇಲೆ ಕಟ್ಟಿದ್ದು. ಹೊಸದು ಅಂತ ಮೂಗು ಮುರಿಯೋಣ ಅಂದ್ರೆ, ಒಳಗೆ ನಿಂತಾಗ ಮನಸ್ಸು ಬರಲ್ಲ.

ಮಂಜು ನೋಡಿ, ಡ್ರೋನ್ ಶಾಟ್ ಕನಸೇ ಬಿಡಿ. ಅಂದಹಾಗೆ, ಸ್ಟೇಟ್ ಪಾರ್ಕ್ ಇದು, ಡ್ರೋನ್ ನಿಯಮ ವಿಚಾರಿಸದೆ ಹಾರಿಸಬೇಡಿ. ಜುಲೈ-ಆಗಸ್ಟ್‌ನಲ್ಲಿ ಮಧ್ಯಾಹ್ನದವರೆಗೂ ಹೀಗೇ, ಸೆಪ್ಟೆಂಬರ್-ಅಕ್ಟೋಬರ್ ವಾಸಿ. ಇದೇ ಮಂಜು ಕಂಪನಿಗೂ ಕಾಟ ಕೊಟ್ಟಿತ್ತು. ನೀರುನಾಯಿ ಬರಿದಾದ್ಮೇಲೆ ಅಲಾಸ್ಕಾದ ತಮ್ಮ ನೆಲೆಗಳಿಗೆ ಗೋಧಿ ಬೆಳೆದು ಕಳಿಸೋಣ ಅಂತ ಹೊರಟ್ರು. ಮಂಜಿಗೆ ಪೈರು ಹಾಳು, ಉಳಿದದ್ದು ಇಲಿಗಳ ಪಾಲು. ಕೊನೆಗೆ 1841ರಲ್ಲಿ ಸ್ಯಾಕ್ರಮೆಂಟೋ ಕಡೆ ನೆಲೆಸಿದ್ದ ಜಮೀನುದಾರ ಜಾನ್ ಸಟರ್‌ಗೆ 30,000 ಡಾಲರಿಗೆ, ಕಂತಿನ ಮೇಲೆ ಮಾರಿದ್ರು. ತಮಾಷೆ ಏನು ಗೊತ್ತಾ? ಆ ಕಂತಿನ ಬಹುಪಾಲು ಅವನು ಗೋಧಿ, ಕಾಳುಕಡಿಯಲ್ಲೇ ತೀರಿಸ್ತೀನಿ ಅಂದಿದ್ದ. ಆಮೇಲೆ ವರ್ಷಗಟ್ಟಲೆ ಸತಾಯಿಸಿದ. ಫಿರಂಗಿ, ದನ, ಮರಮುಟ್ಟು ಮಾತ್ರ ತಡಮಾಡದೆ ಸ್ಯಾಕ್ರಮೆಂಟೋಗೆ ಸಾಗಿಸ್ಕೊಂಡ. ಸಾಲಗಾರ ಅಂದ್ರೆ ಹೀಗಿರ್ಬೇಕು.

ಸರಿ, ಬ್ಯಾಟರಿ ಕೆಂಪಾಯ್ತು. ಕೆಳಗಿನ ಬೀಚಿಗೆ ಇಳಿಯೋರು ಅಲೆಗೆ ಬೆನ್ನು ಮಾಡಿ ಸೆಲ್ಫಿ ತೆಗೀಬೇಡಿ, ನೀರಿಗಂತೂ ಇಳೀಲೇಬೇಡಿ, ಬೇಸಿಗೆಯಲ್ಲೂ ಕೊರೆಯುತ್ತೆ. ಕತ್ತಲಾಗೋಕೆ ಮುಂಚೆ ಆ 19 ಕಿ.ಮೀ. ಮುಗಿಸ್ಬೇಕು, ಹೊರಡೋಣ.