ಹೆಡ್‌ರೂಮ್ ಮೇಲಿನ ಸೋಲಾರ್

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಚಳಿ ಶುರುವಾದರೆ ನನ್ನ ಫೋನ್ ಬೆಳಗ್ಗೆ ಆರಕ್ಕೇ ಹೊಡೆದುಕೊಳ್ಳುತ್ತದೆ. ‘ಬಿಸಿನೀರು ಬರ್ತಾ ಇಲ್ಲ, ಸ್ವಲ್ಪ ಬಂದು ನೋಡಿ.’ ನಾನು ಸೋಲಾರ್ ವಾಟರ್ ಹೀಟರ್ ರಿಪೇರಿ ಮಾಡುವವನು, 18 ವರ್ಷದಿಂದ ಇದೇ ಕೆಲಸ. ಮಂಡ್ಯದ ಕಡೆಯಿಂದಲೂ ಕರೆಯುತ್ತಾರೆ. ಅಲ್ಲಿ ಬೋರ್ ನೀರು ಗಡಸು, ಬಿಸಿಲಿಗೆ ನೀರು ಕಾಯಿಸುವ ಗಾಜಿನ ಟ್ಯೂಬಿನೊಳಗೆ ಉಪ್ಪು ಕಟ್ಟುತ್ತದೆ, ಹಾಗಾಗಿ ಮೇಲೆ ಹತ್ತುವುದೂ ಜಾಸ್ತಿ. ಇವತ್ತು ಆ ಹತ್ತಿ ಇಳಿಯುವ ವಿಷಯವನ್ನೇ ಹೇಳಬೇಕು.

ನಮ್ಮ ಕಡೆ ಮನೆ ಕಟ್ಟುವ ರೀತಿ ನಿಮಗೆ ಗೊತ್ತಲ್ವಾ. ತಾರಸಿಗೆ ಮೆಟ್ಟಿಲಿರುತ್ತದೆ, ಸುತ್ತ ಪ್ಯಾರಾಪೆಟ್ ಗೋಡೆ ಇರುತ್ತದೆ. ಆದರೆ ಸಿಂಟೆಕ್ಸು, ಸೋಲಾರು ಎರಡೂ ಅದಕ್ಕಿಂತ ಮೇಲೆ, ಮೆಟ್ಟಿಲ ಕೋಣೆಯ ನೆತ್ತಿಯ ಮೇಲೆ, ಹೆಡ್‌ರೂಮ್ ಅಂತೀವಲ್ಲ, ಅಲ್ಲಿ. ಅಲ್ಲಿಗೆ ಮೆಟ್ಟಿಲಿಲ್ಲ, ಎಷ್ಟೋ ಮನೆಗಳಲ್ಲಿ ಸುತ್ತ ಗೋಡೆಯೂ ಇಲ್ಲ. ಪೇಂಟರ್ ಬಿಟ್ಟುಹೋದ ಬಿದಿರಿನ ಏಣಿ ತೋರಿಸಿ ‘ಇದರಲ್ಲೇ ಹತ್ತಿಬಿಡಿ’ ಅನ್ನುತ್ತಾರೆ.

ನಾಲ್ಕು ವರ್ಷದ ಹಿಂದೆ ಕುವೆಂಪುನಗರದ ಒಂದು ಮನೆಯಲ್ಲಿ, ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗ ಬಿದ್ದ. ಮಧ್ಯಾಹ್ನದ ಹೊತ್ತು. ನೀರು ನಿಂತುಹೋಗಿ ಟ್ಯೂಬುಗಳು ಖಾಲಿಯಾಗಿ ಬಿಸಿಲಿಗೆ ಕಾಯುತ್ತಿದ್ದವು. ಹಾಗೆ ಒಣಗಿ ಕಾದ ಗಾಜಿಗೆ ತಣ್ಣೀರು ತಾಗಿದರೆ ಒಡೆಯುತ್ತದೆ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೂ ಆತುರದಲ್ಲಿ ಕೆಳಗಿನಿಂದ ನೀರು ಬಿಡುವ ಗೇಟ್‌ವಾಲ್ವ್ ತಿರುಗಿಸಿಬಿಟ್ಟೆ. ಮೇಲೆ ಫಟ್ ಅಂತ ಸದ್ದಾಯಿತು, ಹುಡುಗ ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟ, ಹಿಂದೆ ನೆಲವೇ ಇರಲಿಲ್ಲ.

ಬಿದ್ದದ್ದು 10 ಅಡಿ, ಅಷ್ಟೇ. ಸೊಂಟದ ಮೂಳೆ ಮುರಿಯಿತು. 10 ಅಡಿಯಿಂದ ಬಿದ್ದವರು ಒಂದು ಸೆಕೆಂಡಿನೊಳಗೆ ನೆಲ ಮುಟ್ಟುತ್ತಾರೆ, ಮುಟ್ಟುವಾಗಿನ ವೇಗ ಗಂಟೆಗೆ ಹೆಚ್ಚುಕಡಿಮೆ 28 ಕಿಲೋಮೀಟರ್. ಕೈ ಚಾಚಿ ಏನಾದರೂ ಹಿಡಿಯುತ್ತೇನೆ ಅನ್ನುವಷ್ಟು ಪುರುಸೊತ್ತು ಅಲ್ಲಿಲ್ಲ.

ಈಗ ಖಾಲಿ ಟ್ಯೂಬಿಗೆ ನಡುಬಿಸಿಲಲ್ಲಿ ನೀರು ಬಿಡುವುದೇ ಇಲ್ಲ. ಟಾರ್ಪಾಲು ಹೊದಿಸಿ, ಪೂರ್ತಿ ತಣಿದ ಮೇಲೆ ತುಂಬಿಸುತ್ತೇನೆ. ಬೆಳಗ್ಗೆಯೇ ಹತ್ತೋಣ ಅಂದರೆ ಚಳಿಗಾಲದಲ್ಲಿ ಮಂಜು ಬಿದ್ದು ಸಿಮೆಂಟು ಜಾರುತ್ತದೆ, ಮಳೆಗಾಲದಲ್ಲಿ ಪಾಚಿ. ಒಣಗಲಿ ಬಿಡಿ. ಸ್ನಾನ ಒಂದು ದಿನ ತಡವಾದರೆ ಏನೂ ಆಗುವುದಿಲ್ಲ. ಹವಾಯಿ ಚಪ್ಪಲಿಯಲ್ಲಂತೂ ಹತ್ತಲೇಬೇಡಿ.

ಏಣಿಯ ಲೆಕ್ಕ ಸುಲಭ. 12 ಅಡಿ ಮೇಲೆ ಒರಗಿಸುವುದಾದರೆ ಬುಡ ಗೋಡೆಯಿಂದ 3 ಅಡಿ ಆಚೆ ಇರಬೇಕು, ಅಂದರೆ ನಾಲ್ಕಕ್ಕೆ ಒಂದು. ಏಣಿಯ ತುದಿ ನೀವು ಕಾಲಿಡುವ ಜಾಗಕ್ಕಿಂತ 3 ಅಡಿ ಮೇಲಕ್ಕೆ ಬರಬೇಕು, ಯಾಕಂದರೆ ಏಣಿಯಿಂದ ಛಾವಣಿಗೆ ಕಾಲು ದಾಟಿಸುವ ಆ ಗಳಿಗೆಯಲ್ಲೇ ಕೈಗೆ ಹಿಡಿತ ಬೇಕು. ತುದಿಯನ್ನು ಹಗ್ಗದಿಂದ ಕಟ್ಟಿ. ಕಟ್ಟುವವರೆಗೆ ಕೆಳಗೆ ಒಬ್ಬರು ಹಿಡಿದು ನಿಂತಿರಲಿ, ಫೋನ್ ನೋಡುತ್ತಾ ಅಲ್ಲ. ಸ್ಪ್ಯಾನರು, ಪೈಪು ಹಿಡಿದು ಹತ್ತಬೇಡಿ, ಬಕೆಟ್ಟಿಗೆ ಹಾಕಿ ಆಮೇಲೆ ಎಳೆದುಕೊಳ್ಳಿ. ಪಕ್ಕದಲ್ಲಿ ಕರೆಂಟ್ ಲೈನ್ ಇದ್ದರೆ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಹಸಿ ಬಿದಿರನ್ನೂ ನಂಬಬೇಡಿ. ಲೈನ್ ತೀರಾ ಹತ್ತಿರವಿದ್ದರೆ 1912ಕ್ಕೆ ಫೋನ್ ಮಾಡಿ ನಮ್ಮ ಕಡೆಯ ಕರೆಂಟ್ ಕಂಪನಿ ಸೆಸ್ಕ್‌ನವರನ್ನು ಕೇಳಿ.

ಸೇಫ್ಟಿ ಬೆಲ್ಟಿನ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಬೆಲ್ಟು ಹಾಕಿ ಉದ್ದಕ್ಕೆ ಹಗ್ಗ ಬಿಟ್ಟುಕೊಂಡರೆ, 10 ಅಡಿಯ ಎತ್ತರದಲ್ಲಿ ಆ ಹಗ್ಗ ಬಿಗಿಯಾಗುವ ಮೊದಲೇ ನೆಲ ಬಂದಿರುತ್ತದೆ. ಅಂಚಿನವರೆಗೆ ನೀವು ತಲುಪಲಾಗದಷ್ಟು ಗಿಡ್ಡವಾಗಿ ಹಗ್ಗ ಕಟ್ಟಿಕೊಳ್ಳಬೇಕು. ಕಾಂಕ್ರೀಟ್ ಕಂಬಕ್ಕೆ ಕಟ್ಟಿ. ಡಿಶ್ಶಿನ ಕೋಲಿಗೋ ಸೋಲಾರ್ ಸ್ಟ್ಯಾಂಡಿಗೋ ಕಟ್ಟಿದರೆ ಅದೂ ನಿಮ್ಮ ಜೊತೆಗೇ ಬರುತ್ತದೆ.

ಹಿತ್ತಲ ಬಚ್ಚಲುಮನೆಯ ಸಿಮೆಂಟ್ ಶೀಟಿನ ಮೇಲೆ ನೇರ ಕಾಲಿಡಬೇಡಿ. ಹಳೆಯ ಶೀಟು ನೋಡಲು ಗಟ್ಟಿಯಾಗೇ ಇರುತ್ತದೆ, ಆಳಿನ ಭಾರ ಬಿದ್ದರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕೆಳಗಿನ ತೊಲೆಯಿಂದ ತೊಲೆಗೆ ದಪ್ಪ ಹಲಗೆ ಹಾಸಿ ಅದರ ಮೇಲೆ ನಡೆಯಿರಿ.

ಯಾರಾದರೂ ಬಿದ್ದರೆ ಗಾಬರಿಯಲ್ಲಿ ಎತ್ತಿ ಕೂರಿಸಬೇಡಿ. ಕುತ್ತಿಗೆಗೋ ಬೆನ್ನಿಗೋ ಪೆಟ್ಟಾಗಿರಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ.

ಮನೆಯವರಿಗೆ ನನ್ನ ಒಂದೇ ಬೇಡಿಕೆ. ಮನೆ ಕಟ್ಟುವಾಗಲೇ ಹೆಡ್‌ರೂಮಿಗೆ ಹಿಡಿಕಂಬಿ ಇರುವ ಕಬ್ಬಿಣದ ಮೆಟ್ಟಿಲು ಇಡಿಸಿ, ಮೇಲೆ ಸುತ್ತ ಸೊಂಟದೆತ್ತರಕ್ಕೆ ಗೋಡೆ ಕಟ್ಟಿಸಿ. ಇಡೀ ಮನೆಯ ಖರ್ಚಿನಲ್ಲಿ ಅದು ಎಷ್ಟರದ್ದು ಹೇಳಿ. ಅಲ್ಲಿಗೆ ಹತ್ತುವವನು ನಿಮ್ಮ ಮನೆಯ ಕೆಲಸಕ್ಕೇ ಬಂದವನು.

ಆ ಹುಡುಗ ಏಳು ತಿಂಗಳ ಮೇಲೆ ಕೆಲಸಕ್ಕೆ ಮರಳಿದ. ಈಗ ಹತ್ತುವ ಮೊದಲು ಹಗ್ಗದ ಗಂಟನ್ನು ಎರಡು ಸಲ ಜಗ್ಗಿ ನೋಡುತ್ತಾನೆ. ನಾನು ಕೆಳಗೆ ನಿಂತಿರುತ್ತೇನೆ. ಅವನು ಮೇಲಿನಿಂದ ‘ಬಿಡಿ ಅಣ್ಣ’ ಅನ್ನುವವರೆಗೆ ವಾಲ್ವಿಗೆ ಕೈ ಹಾಕುವುದಿಲ್ಲ.

ನಮಸ್ಕಾರ.