ನೀರು ಬೇಡ ಎನ್ನುವವರ ನೀರಡಿಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ವಯಸ್ಸಾದವರಿದ್ದರೆ ಈ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. "ಒಂದಿಷ್ಟು ನೀರು ಕುಡೀರಿ" ಅಂದರೆ, "ಬೇಡ, ಬಾಯಾರಿಕೆ ಆಗಿಲ್ಲ" ಅನ್ನುತ್ತಾರೆ. ಅದು ಹಟದ ಮಾತಲ್ಲ. ಅವರಿಗೆ ನಿಜವಾಗಿಯೂ ಬಾಯಾರಿಕೆ ಆಗಿರುವುದಿಲ್ಲ. ಆದರೆ ಮೈಗೆ ನೀರು ಬೇಕಾಗಿರುತ್ತದೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಇವತ್ತು ಮುಖ್ಯವಾಗಿ ಅದನ್ನೇ ಹೇಳಬೇಕೆಂದಿದ್ದೇನೆ.

ಗಂಟಲು ಒಣಗುವುದೇ ಬಾಯಾರಿಕೆ ಎಂದು ವಿಜ್ಞಾನಿಗಳೂ ಒಂದು ಕಾಲಕ್ಕೆ ನಂಬಿದ್ದರು. ಅಮೆರಿಕದ ವಾಲ್ಟರ್ ಕ್ಯಾನನ್ 1918ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಉಪನ್ಯಾಸವೊಂದರಲ್ಲಿ ಇದನ್ನೇ ಪ್ರತಿಪಾದಿಸಿದರು. ಆದರೆ ನೀವೇ ನೋಡಿ, ನೀರು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಿದರೆ ಒಂದು ಗಳಿಗೆ ಹಾಯೆನಿಸುತ್ತದೆ, ಅಷ್ಟೆ. ಮತ್ತೆ ನೀರು ಬೇಕೆನಿಸುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಮೇಕೆಗಳ ಮೆದುಳಿನ ಹೈಪೋಥಲಮಸ್ ಎಂಬ ಭಾಗಕ್ಕೆ ಉಪ್ಪಿನ ದ್ರಾವಣವನ್ನು ತೀರಾ ಸ್ವಲ್ಪ, ಹನಿಗಿಂತಲೂ ಕಡಿಮೆ, ಸೇರಿಸಿದರು. ಮೈಯಲ್ಲಿ ನೀರಿನ ಕೊರತೆಯೇ ಇಲ್ಲದ ಮೇಕೆಗಳು ಲೀಟರುಗಟ್ಟಲೆ ಕುಡಿದವು. ಬಾಯಾರಿಕೆ ಹುಟ್ಟುವ ಜಾಗ ಮೆದುಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬೆವರಿನಲ್ಲಿ, ಉಸಿರಿನಲ್ಲಿ, ಮೂತ್ರದಲ್ಲಿ ನಾವು ನೀರು ಕಳೆದುಕೊಳ್ಳುತ್ತಲೇ ಇರುತ್ತೇವೆ. ನೀರು ಕಡಿಮೆಯಾದಂತೆ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಏರುತ್ತದೆ. ಅದು ಶೇಕಡಾ 1ರಿಂದ 2ರಷ್ಟು ಹೆಚ್ಚಿದರೂ ಸಾಕು, ಹೈಪೋಥಲಮಸ್‌ನ ಬಳಿಯಿರುವ ಜೀವಕೋಶಗಳು ನೀರು ಬಿಟ್ಟುಕೊಟ್ಟು ಕುಗ್ಗುತ್ತವೆ. ಆ ಕುಗ್ಗುವಿಕೆಯೇ ಸುದ್ದಿ. ಕೂಡಲೇ ಎರಡು ಕೆಲಸ ಶುರುವಾಗುತ್ತವೆ: ನಮಗೆ ನೀರು ಬೇಕೆನಿಸುತ್ತದೆ, ಜೊತೆಗೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೊರಟು, ನೀರನ್ನು ಹಿಡಿದಿಡುವಂತೆ ಮೂತ್ರಪಿಂಡಕ್ಕೆ ಹೇಳುತ್ತದೆ. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುವುದು ಅದಕ್ಕೇ.

ಇದರಲ್ಲಿ ನನಗೆ ತುಂಬ ಬೆರಗು ಹುಟ್ಟಿಸುವ ಸಂಗತಿ ಇನ್ನೊಂದಿದೆ. ಬಿಸಿಲಿನಲ್ಲಿ ದಣಿದು ಬಂದು ಒಂದು ಲೋಟ ತಣ್ಣನೆಯ ನೀರನ್ನು ಗಟಗಟನೆ ಕುಡಿಯುತ್ತೀರಿ. ಲೋಟ ಕೆಳಗಿಡುವಷ್ಟರಲ್ಲಿ ಜೀವ ಬಂದಂತಾಗುತ್ತದೆ. ಆ ನೀರು ಇನ್ನೂ ಹೊಟ್ಟೆಯಲ್ಲೇ ಇದೆ. ಕರುಳಿನಿಂದ ರಕ್ತಕ್ಕೆ ಸೇರಿ ಉಪ್ಪಿನ ಮಟ್ಟ ಇಳಿಯಬೇಕಾದರೆ ಹತ್ತು ನಿಮಿಷವಾದರೂ ಬೇಕು. ಹಾಗಾದರೆ ದಾಹ ಇಂಗಿದ್ದು ಹೇಗೆ? ನುಂಗುವ ಒಂದೊಂದು ಗುಟುಕನ್ನೂ ಬಾಯಿ, ಗಂಟಲು, ಹೊಟ್ಟೆ ಮೆದುಳಿಗೆ ವರದಿ ಮಾಡುತ್ತಿರುತ್ತವೆ. ಮೆದುಳು ಮುಂಚಿತವಾಗಿಯೇ ಲೆಕ್ಕ ಹಾಕಿ ಸಾಕು ಎನ್ನುತ್ತದೆ. ಇಲ್ಲದಿದ್ದರೆ ನೀರು ರಕ್ತ ಸೇರುವವರೆಗೂ ನಾವು ಕುಡಿಯುತ್ತಲೇ ಇರುತ್ತಿದ್ದೆವು.

ಇಷ್ಟು ಸೂಕ್ಷ್ಮವಾದ ಈ ಏರ್ಪಾಡು ವಯಸ್ಸಾದಂತೆ ಮಂಕಾಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ತರುಣರನ್ನೂ 67ರಿಂದ 75 ವರ್ಷದ ಹಿರಿಯರನ್ನೂ 24 ಗಂಟೆ ನೀರಿಲ್ಲದೆ ಇರಿಸಿದ್ದರು. ಹಿರಿಯರ ರಕ್ತದಲ್ಲೇ ಉಪ್ಪಿನ ಅಂಶ ಹೆಚ್ಚು ಏರಿತ್ತು. ಆದರೂ ಅವರಿಗೆ ಬಾಯಾರಿಕೆ ಕಡಿಮೆ. ಆಮೇಲೆ ನೀರು ಕೊಟ್ಟಾಗ ಕುಡಿದದ್ದೂ ಕಡಿಮೆ. ಅವರೇನು ಕಾಯಿಲೆಯವರಲ್ಲ, ಗಟ್ಟಿಮುಟ್ಟಾಗಿದ್ದವರು. ಇದರ ಮೇಲೆ, ಮುಪ್ಪಿನಲ್ಲಿ ಮೂತ್ರಪಿಂಡಕ್ಕೂ ನೀರನ್ನು ಹಿಡಿದಿಡುವ ಶಕ್ತಿ ಕುಂದುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ರಾತ್ರಿ ಏಳಬೇಕಾಗುತ್ತದೆ, ಕತ್ತಲಲ್ಲಿ ಎಡವಿ ಬಿದ್ದರೇನು ಗತಿ ಎಂಬ ಹೆದರಿಕೆಗೆ ಸಂಜೆಯಿಂದಲೇ ನೀರು ಬಿಡುವವರೂ ಇದ್ದಾರೆ. ಆ ಹೆದರಿಕೆಯನ್ನು ಹಗುರವಾಗಿ ಕಾಣಬೇಡಿ. ಹಗಲಿನಲ್ಲೇ ಹೆಚ್ಚು ಕುಡಿಸಿ, ರಾತ್ರಿ ದಾರಿಗೊಂದು ದೀಪ ಉರಿಯುತ್ತಿರಲಿ.

ಹಿರಿಯರ ಚರ್ಮ ಹೇಗೂ ಸಡಿಲವಾಗಿರುವುದರಿಂದ, ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ಚರ್ಮ ಚಿವುಟಿ ನೋಡಿದರೆ ಏನೂ ತಿಳಿಯದು. ನಾಲಿಗೆ ಒಣಗಿ ಅಂಟಂಟಾಗಿದೆಯೇ, ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗಿದೆಯೇ, ಎದ್ದು ನಿಂತರೆ ತಲೆ ಸುತ್ತುತ್ತದೆಯೇ, ಇವನ್ನು ನೋಡಿ. ನಿನ್ನೆಯವರೆಗೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಮಂಕಾಗಿ, ಏನೇನೋ ಮಾತಾಡತೊಡಗಿದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ನೀರಿನ ಕೊರತೆಯೂ ಕಾರಣವಿರಬಹುದು, ಬೇರೆಯದೂ ಇರಬಹುದು. ತಕ್ಷಣ ವೈದ್ಯರಿಗೆ ತೋರಿಸಿ.

ಎಷ್ಟು ಕುಡಿದರೂ ದಾಹ ತೀರುವುದಿಲ್ಲ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಎನ್ನುವವರು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಲಿ. ಹಾಗೆಂದು ಬೇಕೋ ಬೇಡವೋ ನೀರು ಸುರಿದುಕೊಳ್ಳುವುದೂ ಸಲ್ಲದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷೆಗೊಳಗಾದ 488 ಓಟಗಾರರಲ್ಲಿ ಶೇಕಡಾ 13 ಮಂದಿಯ ರಕ್ತದಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗಿಳಿದಿತ್ತು. ಓಡುವಾಗ ಅತಿಯಾಗಿ ಕುಡಿದದ್ದು ಅದಕ್ಕೆ ದೊಡ್ಡ ಕಾರಣವಾಗಿತ್ತು.

ಇನ್ನು ಮನೆಯ ಮಾತಿಗೆ ಬರೋಣ. ಹಿರಿಯರನ್ನು "ನೀರು ಬೇಕಾ?" ಎಂದು ಕೇಳಿದರೆ "ಬೇಡ" ಎಂಬ ಉತ್ತರ ಸಿದ್ಧವಿರುತ್ತದೆ. ಕೇಳುವ ಬದಲು ಲೋಟವನ್ನು ಕೈಗೇ ಕೊಡಿ. ತುಂಬಿದ ಲೋಟ ಕೆಲವರಿಗೆ ಭಾರ, ಅರ್ಧ ಸಾಕು. ಮಾತ್ರೆ ನುಂಗುವಾಗ, ಊಟದ ಜೊತೆ, ಮಾತಿಗೆ ಕುಳಿತಾಗ ಇಷ್ಟಿಷ್ಟೇ ಕುಡಿಯಲಿ. ಸಾರು, ಮಜ್ಜಿಗೆ, ಹಣ್ಣು, ಎಲ್ಲದರಲ್ಲೂ ನೀರಿದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿದ್ದು ನೀರಿಗೆ ಮಿತಿ ಹಾಕಿಸಿಕೊಂಡವರಾದರೆ ಮಾತ್ರ, ದಿನಕ್ಕೆ ಎಷ್ಟು ಎಂಬುದನ್ನು ಅವರ ವೈದ್ಯರನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ನಮಸ್ಕಾರ.