‘ಬೋಟ್ ಡಿಡ್ ನಾಟ್ ವೆಂಟ್’ ಅಂದವರನ್ನು ತಿದ್ದುವುದು ಹೇಗೆ?

(ದೃಶ್ಯ: ಮಲ್ಪೆಯ ಒಂದು ಹೋಂಸ್ಟೇ ಜಗಲಿ. ಹೊರಗೆ ಜೋರು ಮಳೆ.)

ನಮಸ್ಕಾರ. ಜೂನ್ ತಿಂಗಳಲ್ಲಿ ಇದೇ ಜಗಲಿಯಲ್ಲಿ ನಡೆದದ್ದು ಹೇಳ್ತೇನೆ.

ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಉಂಟಾ ಅಂತ ಗೆಸ್ಟ್ ಒಬ್ಬರು ಇಂಗ್ಲಿಷಲ್ಲಿ ಕೇಳಿದರು. ಮಳೆಗಾಲದಲ್ಲಿ ಎಲ್ಲಿಯ ಬೋಟ್ ಮಾರಾಯ್ರೆ? ಹೋಂಸ್ಟೇ ನಡೆಸುವ ಅಕ್ಕ ಹೇಳಿದರು: “ನೋ ಸರ್. ಯೆಸ್ಟರ್‌ಡೇ ಆಲ್ಸೋ ಬೋಟ್ ಡಿಡ್ ನಾಟ್ ವೆಂಟ್.” ಗೆಸ್ಟ್‌ಗೆ ಅರ್ಥವಾಯ್ತು, ಕೊಡೆ ಬಿಡಿಸಿ ಕೃಷ್ಣ ಮಠದ ಕಡೆ ಹೊರಟರು. ಪಕ್ಕದಲ್ಲಿದ್ದ ನನಗೆ ಮಾತ್ರ ನಾಲಿಗೆ ತುರಿಸಿತು. ಅಕ್ಕನಿಗೆ ಇಂಗ್ಲಿಷ್ ಹೇಳಿಕೊಡುವವಳು ನಾನೇ.

(ಪರದೆಯ ಮೇಲೆ: ಡಿಡ್ ನಾಟ್ ವೆಂಟ್)

ಈ ತಪ್ಪನ್ನೊಮ್ಮೆ ಬಿಡಿಸಿ ನೋಡುವ. ನಿನ್ನೆಯ ಸಂಗತಿಗೆ ಭೂತಕಾಲ ಬೇಕು, ಅದು ಅಕ್ಕನಿಗೆ ಗೊತ್ತುಂಟು. ‘ಗೋ’ದ ಭೂತಕಾಲ ‘ಗೋಡ್’ ಅಲ್ಲ, ‘ವೆಂಟ್’. ಅದೂ ಗೊತ್ತುಂಟು. ಇಲ್ಲ ಅನ್ನಲಿಕ್ಕೆ ‘ಡಿಡ್ ನಾಟ್’ ಬೇಕು ಅಂತಲೂ ಗೊತ್ತುಂಟು. ತಪ್ಪಿದ್ದು ಒಂದೇ ಕಡೆ: ಭೂತಕಾಲದ ಹೊರೆಯನ್ನು ‘ಡಿಡ್’ ಹೊತ್ತಾಗಿದೆ, ‘ಗೋ’ ಮತ್ತೆ ಹೊರಬೇಕಾಗಿಲ್ಲ. ನಮ್ಮಲ್ಲೂ ‘ಹೋಗಲಿಲ್ಲ’ ಅಂತೇವೆ, ‘ಹೋದಲಿಲ್ಲ’ ಅನ್ನುವುದಿಲ್ಲವಲ್ಲ, ಹಾಗೆ. ಕಲಿಯುವವರ ತಪ್ಪು ಅವರ ತಲೆಯೊಳಗೆ ಯಾವ ನಿಯಮ ಕೂತಿದೆ ಅಂತ ತೋರಿಸ್ತದೆ ಎಂದು ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ಬರೆದಿದ್ದರು.

ಹಾಗಾಗಿ ಬರೀ “ವೆರಿ ಗುಡ್” ಅಂದರೆ ನನಗೆ ಸಮಾಧಾನವಿಲ್ಲ. “ಅಕ್ಕ, ವೆಂಟ್ ಅಂತ ನಿಮಗೆ ತಡವರಿಸದೆ ಬಂತು ನೋಡಿ” ಅಂದರೆ ಅವರಿಗೂ ತಿಳೀತದೆ, ಯಾವುದು ಕೈಗೆ ಬಂದಿದೆ ಅಂತ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂತ ತಿಳೀಬೇಡಿ. ಶುರುವಿಗೆ ಅಕ್ಕ ವಾಟ್ಸಾಪಲ್ಲಿ ನಾಲ್ಕು ಸಾಲು ಇಂಗ್ಲಿಷ್ ಬರೆದು ಕಳಿಸಿದ್ದರು. ನಾನು ಅದರ ಮೇಲೆ ಕೆಂಪಲ್ಲಿ ಏಳು ಕಡೆ ಗೀಚಿ ತಿರುಗಿ ಕಳಿಸಿದೆ. ಮತ್ತೆ ಹದಿನೈದು ದಿನ ಒಂದು ಸಾಲೂ ಬರಲಿಲ್ಲ. ಕೇಳಿದರೆ, “ಪುರುಸೊತ್ತಿಲ್ಲ ಟೀಚರ್.” ಪುರುಸೊತ್ತಿನ ವಿಷಯ ಅಲ್ಲ ಅದು, ನಮಗಿಬ್ಬರಿಗೂ ಗೊತ್ತಿತ್ತು.

(ದೃಶ್ಯ: ಇಬ್ಬರೂ ಜಗಲಿಯಲ್ಲಿ, ಚಹಾ.)

ಆಮೇಲೆ ನಾನು ಪೂರ್ತಿ ಉಲ್ಟಾ ಹೊಡೆದೆ. ತಪ್ಪು ಅನ್ನಲೇ ಇಲ್ಲ, ಸರಿಯಾದ ವಾಕ್ಯವನ್ನು ನಾನೇ ಹೇಳಿಬಿಡುವುದು. “ಓ, ದ ಬೋಟ್ ಡಿಡ್ ನಾಟ್ ಗೋ?” ಅಕ್ಕ “ಯೆಸ್ ಯೆಸ್” ಅಂತ ಮುಂದಕ್ಕೆ ಹೋದರು. ನಾನು ತಿದ್ದಿದ್ದು ಅವರಿಗೆ ಗೊತ್ತೇ ಆಗಲಿಲ್ಲ! ಕೆನಡಾದಲ್ಲಿ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಫ್ರೆಂಚ್ ಮಾಧ್ಯಮದ ತರಗತಿಗಳನ್ನು ಗಮನಿಸಿ 1997ರಲ್ಲಿ ಬರೆದದ್ದೂ ಇದನ್ನೇ. ಟೀಚರ್‌ಗಳು ಅರ್ಧಕ್ಕಿಂತ ಹೆಚ್ಚು ಸಲ ತಿದ್ದಿದ್ದು ಹೀಗೆ, ಆದರೆ ಮಕ್ಕಳು ಅದಕ್ಕೆ ಸ್ಪಂದಿಸಿದ್ದು ನೂರರಲ್ಲಿ ಮೂವತ್ತೊಂದು ಸಲ. ವಾಕ್ಯ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಮಕ್ಕಳ ಬಾಯಿಂದಲೇ ಹೊರಡಿಸಲು ನೋಡಿದಾಗ ಪ್ರತಿ ಸಲವೂ ಏನಾದರೊಂದು ಉತ್ತರ ಬಂತು. ಎಲ್ಲವೂ ಸರಿಯುತ್ತರವಲ್ಲ, ಅರ್ಧದಷ್ಟು ತಪ್ಪೇ. ಆದರೂ ಹುಡುಕಿದ್ದು ಅವರೇ ಅಲ್ಲವಾ?

ಈಗ ನಾನು ಮಾಡುವುದು ಅದು. “ದ ಬೋಟ್ ಡಿಡ್ ನಾಟ್...” ಅಂತ ಎಳೆದು, ಸುಮ್ಮನೆ ಚಹಾ ಕುಡೀತೇನೆ. ಈ ಸುಮ್ಮನಿರುವುದುಂಟಲ್ಲ, ನನ್ನಂಥ ಬಾಯಿಬಡುಕಿಗೆ ಅದೇ ಕಷ್ಟ.

ಗೆಸ್ಟ್ ಎದುರಿಗಿದ್ದಾಗ ಮಾತ್ರ ನಾನು ಬಾಯಿ ಹಾಕುವುದಿಲ್ಲ. “ರೂಮ್ ಇಸ್ ದೇರ್, ಏಸಿ ನಾಟ್ ದೇರ್” ಅಂದರೆ ವ್ಯಾಪಾರ ನಡೀತದೆ. ನಮ್ಮ ‘ಉಂಟು’, ‘ಇಲ್ಲ’ ಇಂಗ್ಲಿಷಿನ ಬಟ್ಟೆ ಹಾಕಿಕೊಂಡು ಬಂದಿವೆ, ಅಷ್ಟೇ. ಅದನ್ನು ಸಂಜೆಗೆ ಎತ್ತಿಕೊಂಡರೂ ಆಯ್ತು, ಒಂದು ದಿನಕ್ಕೆ ಒಂದೇ.

ಮೊನ್ನೆ ಅಕ್ಕ ಹೇಳಿದರು: “ಮೈ ಮದರ್ ಇನ್ ಲಾ ಹ್ಯಾವ್ ಮೇಡ್ ನೀರ್ ದೋಸೆ.” ಅತ್ತೆ ‘ಮಾಡಿದ್ದಾರೆ’, ಗೌರವಕ್ಕೆ ಬಹುವಚನ, ಹಾಗಾಗಿ ‘ಹ್ಯಾವ್’. ಲೆಕ್ಕ ಕನ್ನಡದ್ದು, ಸರಿಯಾಗಿಯೇ ಉಂಟು. ನಾನು “ಮದರ್ ಇನ್ ಲಾ...” ಅಂತ ನಿಲ್ಲಿಸಿದೆ. ಅಕ್ಕ ಒಳಗಿನ ಅಡುಗೆಕೋಣೆಯ ಕಡೆ ಒಮ್ಮೆ ನೋಡಿ, ಮೆಲ್ಲ ಹೇಳಿದರು:

“ಹ್ಯಾಸ್. ಆದ್ರೆ ಟೀಚರ್, ನಾನು ಅವರನ್ನು ಏಕವಚನ ಮಾಡಿದ್ದು ಅತ್ತೆಗೆ ಹೇಳ್ಬೇಡಿ ಆಯ್ತಾ?”